ನೆರಳಿಲ್ಲದ ಮೊಹಲ್ಲಾಗಳು ಮತ್ತು ನಮ್ಮ ಆರೋಗ್ಯ

(ಬೆಂಗಳೂರಿನ ಆರ್.ಟಿ. ನಗರದಲ್ಲಿ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)





ಆರೋಗ್ಯದ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾನು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಮೂತ್ರಪಿಂಡದ ತೊಂದರೆಗಳ ಬಗ್ಗೆ ಹೇಳುವೆನೆಂದು ಅವರು ನಿರೀಕ್ಷಿಸಿರಬಹುದು. ಅವುಗಳ ಬಗ್ಗೆ ಖಂಡಿತ ಹೇಳುತ್ತೇನೆ. ಆದರೆ ಔಷಧಿಯ ಅಂಗಡಿಯಿಂದ ನನ್ನ ಮಾತನ್ನು ಆರಂಭಿಸುವುದಿಲ್ಲ. ಆ ಕಾಯಿಲೆಗಳು ಬೆಳೆಯುವ ಬೀದಿಯಿಂದ, ಅಂದರೆ ನೀವು ಮತ್ತು ನಾವು ದಿನವೂ ಓಡಾಡುವ ಗಲ್ಲಿಗಳಿಂದ ಆರಂಭಿಸುತ್ತೇನೆ.

ನಮ್ಮ ಸಮುದಾಯದಲ್ಲಿ ರೋಗಿಗಳ ಸೇವೆಗೆ ಕೊರತೆಯಿಲ್ಲ. ರಮಝಾನ್ ಬಂತೆಂದರೆ ಡಯಾಲಿಸಿಸ್‌ಗೆ, ಶಸ್ತ್ರಚಿಕಿತ್ಸೆಗೆ, ಔಷಧಿಗೆ ನೆರವು ಕೋರಿ ಬರುವ ಅರ್ಜಿಗಳ ರಾಶಿಯೇ ಬೈತುಲ್ ಮಾಲ್‌ಗಳ ಮುಂದೆ ಬೀಳುತ್ತದೆ. ಕೊಡುವ ಕೈಗಳೂ ಇವೆ. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ. ಬಿದ್ದವನನ್ನು ಎತ್ತುವುದಕ್ಕೆ ಇಷ್ಟೊಂದು ಹಣ ಸಂಗ್ರಹಿಸುವ ನಾವು, ಆತ ಬೀಳುವ ಗುಂಡಿಯನ್ನು ಮುಚ್ಚುವುದಕ್ಕೆ ಏನು ಮಾಡಿದ್ದೇವೆ? ನಡೆಯಲು ಜಾಗವಿಲ್ಲದ, ಕುಳಿತುಕೊಳ್ಳಲು ಮರದ ನೆರಳಿಲ್ಲದ, ಮಕ್ಕಳು ಓಡಲು ಮೈದಾನವಿಲ್ಲದ ಮೊಹಲ್ಲಾದಲ್ಲಿ ರೋಗಿಗಳ ಸಂಖ್ಯೆ ಕಡಿಮೆಯಾಗಬೇಕೆಂದು ಬಯಸುವುದು ಎಷ್ಟರ ಮಟ್ಟಿಗೆ ಸರಿ?

ಮರಕ್ಕೂ ಆರೋಗ್ಯಕ್ಕೂ ಏನು ಸಂಬಂಧ?

ಮರ ಗಿಡಗಳ ಮಾತು ಶ್ರೀಮಂತರ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಬಾಡಿಗೆ ಕಟ್ಟಲು ಪರದಾಡುವವನಿಗೆ ಉದ್ಯಾನವೇಕೆ ಎಂದು ಕೇಳುತ್ತಾರೆ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಶ್ರೀಮಂತನು ಬಿಸಿಲಿಗೆ ಹವಾನಿಯಂತ್ರಣ ಯಂತ್ರ ಹಾಕಿಸುತ್ತಾನೆ, ವ್ಯಾಯಾಮಕ್ಕೆ ಜಿಮ್‌ಗೆ ಹೋಗುತ್ತಾನೆ, ರಜೆಯಲ್ಲಿ ಮಡಿಕೇರಿಗೆ ಹೋಗಿ ಬರುತ್ತಾನೆ. ಇವೆಲ್ಲಕ್ಕೂ ಬದಲಾಗಿ ಬಡವನಿಗೆ ಇರುವುದು ಬೀದಿಯ ಮರ ಮತ್ತು ಸಾರ್ವಜನಿಕ ಮೈದಾನ ಮಾತ್ರ.

ಬೆಂಗಳೂರಿನ ಬೀದಿ ಮರಗಳ ಬಗ್ಗೆ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮರಗಳಿರುವ ರಸ್ತೆಯನ್ನೂ ಮರಗಳಿಲ್ಲದ ರಸ್ತೆಯನ್ನೂ ಅವರು ಹೋಲಿಸಿ ನೋಡಿದರು. ಮಧ್ಯಾಹ್ನದ ಹೊತ್ತು ಮರಗಳಿರುವ ಕಡೆ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆಯಿರುವುದೂ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯಷ್ಟು ಕಡಿಮೆಯಿರುವುದೂ ಕಂಡುಬಂತು. ಗಾಳಿಯಲ್ಲಿನ ಗಂಧಕದ ಡೈಆಕ್ಸೈಡ್ ಕೂಡ ಗಣನೀಯವಾಗಿ ಕಡಿಮೆಯಿತ್ತು. ಎಲೆಗಳು ಬಿಸಿಲನ್ನು ತಡೆಯುತ್ತವೆ, ತಮ್ಮೊಳಗಿನ ನೀರನ್ನು ಆವಿಯಾಗಿ ಬಿಟ್ಟು ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತವೆ, ಧೂಳಿನ ಕಣಗಳನ್ನು ತಮ್ಮ ಮೇಲೆ ಹಿಡಿದಿಟ್ಟುಕೊಳ್ಳುತ್ತವೆ. ಇದರಲ್ಲಿ ಯಾವ ಪವಾಡವೂ ಇಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ದಾಖಲೆಗಳನ್ನು ಪರಿಶೀಲಿಸಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಒಂದು ಲೇಖನ ಬರೆದರು. ಪಿತ್ತಕೋಶದ ಒಂದೇ ಬಗೆಯ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳಲ್ಲಿ, ಕಿಟಕಿಯಿಂದ ಮರಗಳು ಕಾಣುವ ಕೊಠಡಿಯಲ್ಲಿದ್ದವರು ಇಟ್ಟಿಗೆ ಗೋಡೆ ಕಾಣುವ ಕೊಠಡಿಯಲ್ಲಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ಅವರಿಗೆ ಪ್ರಬಲ ನೋವುನಿವಾರಕಗಳೂ ಕಡಿಮೆ ಸಾಕಾಗಿದ್ದವು. ಕೇವಲ ನೋಟವೇ ಇಷ್ಟು ಮಾಡುವುದಾದರೆ ದಿನವೂ ಅದರ ಕೆಳಗೆ ನಡೆದಾಡುವವರಿಗೆ ಎಷ್ಟು ಪ್ರಯೋಜನವಾಗಬಹುದೆಂದು ಯೋಚಿಸಿರಿ.

ಇನ್ನು ನಡಿಗೆಯ ವಿಷಯ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಸಾಧಾರಣ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಬೃಹತ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ಮಧುಮೇಹದ ಹೊಸ್ತಿಲಲ್ಲಿರುವವರು 13.6 ಕೋಟಿ. ಹಳ್ಳಿಗಳಿಗಿಂತ ನಗರಗಳಲ್ಲಿ ಈ ಕಾಯಿಲೆಯ ಪ್ರಮಾಣ ಬಹಳ ಹೆಚ್ಚು. ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂದಾಗ ನಾವೆಲ್ಲರೂ ಶಿಕ್ಷಣ ಮತ್ತು ಉದ್ಯೋಗದ ಅಂಕಿಗಳನ್ನು ಓದಿದೆವು. ಅದೇ ವರದಿಯಲ್ಲಿ ಮುಸ್ಲಿಮರಲ್ಲಿ ನಗರವಾಸಿಗಳ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚೆಂಬ ಮಾತೂ ಇತ್ತು. ಕರ್ನಾಟಕದಲ್ಲಂತೂ ಅರ್ಧಕ್ಕಿಂತ ಹೆಚ್ಚು ಮುಸ್ಲಿಮರು ಪಟ್ಟಣಗಳಲ್ಲಿ ವಾಸಿಸುತ್ತಾರೆ. ಆದುದರಿಂದ ನಗರದ ಗಾಳಿ, ನೆರಳು, ನೀರಿನ ಪ್ರಶ್ನೆ ನಮಗೆ ಹೊರಗಿನ ಪ್ರಶ್ನೆಯಲ್ಲ.

ನಕ್ಷೆಯ ಹಸಿರು, ಕಾಲಿಗೆ ಸಿಗುವ ಹಸಿರು

ಬೆಂಗಳೂರಿನ ಉತ್ತರ ಭಾಗವನ್ನು ಆಕಾಶದಿಂದ ತೆಗೆದ ಚಿತ್ರದಲ್ಲಿ ನೋಡಿದರೆ ಹಸಿರಿಗೇನೂ ಬರವಿಲ್ಲವೆಂದು ತೋರುತ್ತದೆ. ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವಾಗ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣವಿದೆ. ಸುಮಾರು 1300 ಎಕರೆಯ ಈ ಆವರಣವನ್ನು ರಾಜ್ಯ ಸರಕಾರ 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಯಶವಂತಪುರದ ಪಕ್ಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಶಾಲವಾದ ಆವರಣವಿದೆ. ಹೆಬ್ಬಾಳದಲ್ಲಿ ಕೆಂಪೇಗೌಡರ ಕಾಲದ್ದೆಂದು ಹೇಳಲಾಗುವ ಕೆರೆಯಿದೆ. ಯಲಹಂಕದಲ್ಲಿ ಕೆರೆಯೂ, ಹಕ್ಕಿಗಳಿಗೆ ಹೆಸರಾದ ಪುಟ್ಟೇನಹಳ್ಳಿ ಕೆರೆಯೂ ಇವೆ. ಜಕ್ಕೂರು, ರಾಚೇನಹಳ್ಳಿ, ಅಳ್ಳಾಳಸಂದ್ರ ಕೆರೆಗಳಿವೆ. ಮತ್ತಿಕೆರೆಯಲ್ಲಿ ಜೆ.ಪಿ. ಉದ್ಯಾನವಿದೆ. ಮಲ್ಲೇಶ್ವರದ ಅಂಚಿನಲ್ಲಿ 1882ರ ಸ್ಯಾಂಕಿ ಕೆರೆಯಿದೆ.

ಆದರೆ ನಕ್ಷೆಯಲ್ಲಿ ಕಾಣುವ ಹಸಿರು ಬೇರೆ, ಮನುಷ್ಯನ ಕಾಲಿಗೆ ಸಿಗುವ ಹಸಿರು ಬೇರೆ. ವಿಶ್ವವಿದ್ಯಾನಿಲಯದ ಆವರಣ ಸಂಶೋಧನೆಗಾಗಿ ಇರುವಂಥದ್ದು. ಅದಕ್ಕೆ ಗೇಟು ಇರುವುದು ಸಹಜ. ದೇವರ ಜೀವನಹಳ್ಳಿ, ಕಾವಲ್ ಬೈರಸಂದ್ರ, ಶಾಂಪುರ, ಕಾಡುಗೊಂಡನಹಳ್ಳಿ, ಗೋವಿಂದಪುರದ ತಾಯಿಯೊಬ್ಬಳು ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಐದು ನಿಮಿಷ ನಡೆದರೆ ಆಕೆಗೆ ಏನು ಸಿಗುತ್ತದೆ? ಇದೇ ಸರಿಯಾದ ಅಳತೆಗೋಲು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆಯೂ ಇಂತಹುದೇ ಅಳತೆಯನ್ನು ಸೂಚಿಸಿದೆ. ಅದರ ಪ್ರಕಾರ ಪ್ರತಿ ಮನೆಯಿಂದ 300 ಮೀಟರ್ ಒಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್ ವಿಸ್ತಾರದ ಹಸಿರು ತಾಣ ಇರಬೇಕು. ಅರ್ಧ ಹೆಕ್ಟೇರ್ ಎಂದರೆ ಒಂದೂಕಾಲು ಎಕರೆಗೆ ಸಮೀಪ. ನಿಮ್ಮ ಮನೆ ಬಾಗಿಲಿನಿಂದ ಹೊರಟು ಈ ಅಳತೆಯನ್ನು ಒಮ್ಮೆ ನೀವೇ ಪರೀಕ್ಷಿಸಿ ನೋಡಿರಿ.

ಇದಕ್ಕೆ ಕಾರಣವೂ ಸ್ಪಷ್ಟ. ಆರ್.ಟಿ. ನಗರದಂತಹ ಬಡಾವಣೆಗಳನ್ನು ಯೋಜಿಸಿ ನಿರ್ಮಿಸಲಾಯಿತು. ಅಲ್ಲಿ ರಸ್ತೆಗೆ, ಉದ್ಯಾನಕ್ಕೆ, ಆಟದ ಮೈದಾನಕ್ಕೆ ಜಾಗ ಬಿಡಲಾಗಿತ್ತು. ಅದರ ಪಕ್ಕದ ಹಳೆಯ ಹಳ್ಳಿಗಳು ಮತ್ತು ರೆವಿನ್ಯೂ ನಿವೇಶನಗಳು ತಮ್ಮಷ್ಟಕ್ಕೆ ಬೆಳೆದವು. ಜಮೀನನ್ನು ತುಂಡು ತುಂಡಾಗಿ ಮಾರಿದವನು ಉದ್ಯಾನಕ್ಕೆ ಒಂದು ಗುಂಟೆಯನ್ನೂ ಬಿಡಲಿಲ್ಲ. ಕೊಂಡವನಿಗೆ ಕೇಳುವ ಶಕ್ತಿಯಿರಲಿಲ್ಲ. ಹಳ್ಳಿಗಳಿಗೆ ಸೇರಿದ್ದ ಗೋಮಾಳ ಮತ್ತು ಗುಂಡುತೋಪುಗಳು ಒಂದೊಂದಾಗಿ ಕಟ್ಟಡಗಳಾದವು. ಇಪ್ಪತ್ತು ಅಡಿ ಅಗಲದ ನಿವೇಶನದಲ್ಲಿ ನಾಲ್ಕು ಮಹಡಿ, ಪ್ರತಿ ಮಹಡಿಗೆ ಎರಡು ಬಾಡಿಗೆ ಮನೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಹೀಗೆ ನಮ್ಮ ಜನ ಹೆಚ್ಚಾಗಿ ನೆಲೆಸಿದ ಕಡೆಗಳಲ್ಲಿ ಮನುಷ್ಯರು ಹೆಚ್ಚಾದರು, ಮರಗಳು ಕಡಿಮೆಯಾದವು.

ಬೆಂಗಳೂರಿನ 44 ಕೊಳಗೇರಿಗಳ ಗಿಡಮರಗಳನ್ನು ಕುರಿತ ಇನ್ನೊಂದು ಅಧ್ಯಯನ 2014ರಲ್ಲಿ ಪ್ರಕಟವಾಗಿದೆ. ಅಲ್ಲಿನ ಜನರು ಬಣ್ಣದ ಡಬ್ಬಿಗಳಲ್ಲಿ, ಪ್ಲಾಸ್ಟಿಕ್ ಚೀಲಗಳಲ್ಲಿ, ಒಡೆದ ಬಕೆಟ್‌ಗಳಲ್ಲಿ, ಹಳೆಯ ಪಾತ್ರೆಗಳಲ್ಲಿ ಸೊಪ್ಪು ಮತ್ತು ಔಷಧೀಯ ಗಿಡಗಳನ್ನು ಬೆಳೆಸುತ್ತಿದ್ದರು. ಇರುವ ಒಂದೆರಡು ಮರಗಳ ಕೆಳಗೆ ಅಡುಗೆ, ಪಾತ್ರೆ ತೊಳೆಯುವುದು, ಪೊರಕೆ ಕಟ್ಟುವುದು, ಟೈರಿನ ರಿಪೇರಿ, ಮಕ್ಕಳ ಆಟ, ಹೆಂಗಸರ ಮಾತುಕತೆ ಎಲ್ಲವೂ ನಡೆಯುತ್ತಿದ್ದವು. ಬಡವರಿಗೆ ಹಸಿರು ಬೇಡವೆಂದು ಹೇಳುವವರು ಈ ಬಣ್ಣದ ಡಬ್ಬಿಗಳನ್ನು ನೋಡಲಿ.

ಸೆಕೆ ಯಾರನ್ನು ಕೊಲ್ಲುತ್ತದೆ?

ಬೆಂಗಳೂರು ತಂಪು ಊರು ಎಂಬ ಮಾತು ಹಳೆಯದಾಯಿತು. 2016ರ ಏಪ್ರಿಲ್‌ನಲ್ಲಿ ಇಲ್ಲಿನ ಉಷ್ಣತೆ 39.2 ಡಿಗ್ರಿಗೆ ಮುಟ್ಟಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಇದು ಹವಾಮಾನ ಇಲಾಖೆಯ ಅಳತೆ. ತಗಡಿನ ಛಾವಣಿಯ ಕೆಳಗೆ ಕುಳಿತು ಊದುಬತ್ತಿ ಹೊಸೆಯುವ ಮಹಿಳೆಯ ತಲೆಯ ಮೇಲಿನ ಶಾಖವನ್ನು ಆ ಇಲಾಖೆ ಅಳೆಯುವುದಿಲ್ಲ. ಕಾಂಕ್ರೀಟ್ ಹಗಲೆಲ್ಲ ಹೀರಿಕೊಂಡ ಬಿಸಿಯನ್ನು ರಾತ್ರಿ ಹೊರಬಿಡುತ್ತದೆ. ಹಗಲಿನ ಆಯಾಸದಿಂದ ದೇಹ ಚೇತರಿಸಿಕೊಳ್ಳಬೇಕಾದ ಹೊತ್ತಿನಲ್ಲೇ ನಿದ್ದೆಯಿಲ್ಲ. ಹೃದ್ರೋಗಿಗಳು, ಮೂತ್ರಪಿಂಡದ ತೊಂದರೆಯಿರುವವರು, ವೃದ್ಧರು, ಗರ್ಭಿಣಿಯರು, ಹಸುಗೂಸುಗಳು ಇದರಿಂದ ಮೊದಲು ನರಳುತ್ತಾರೆ. ತಳ್ಳುಗಾಡಿಯವರು, ಆಟೋ ಚಾಲಕರು, ಗುಜರಿ ಆಯುವವರು, ಗಾರೆ ಕೆಲಸದವರು ನಡು ಬಿಸಿಲಿನಲ್ಲಿ ದುಡಿಯುತ್ತಾರೆ. ಇವರಲ್ಲಿ ನಮ್ಮವರ ಸಂಖ್ಯೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

1995ರ ಜುಲೈಯಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಬೀಸಿದ ಬಿಸಿಗಾಳಿಗೆ ಏಳುನೂರಕ್ಕೂ ಹೆಚ್ಚು ಜನ ಬಲಿಯಾದರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಇದರ ಬಗ್ಗೆ ಆಳವಾದ ಅಧ್ಯಯನ ನಡೆಸಿದರು. ಅಕ್ಕಪಕ್ಕದಲ್ಲಿರುವ ಎರಡು ಬಡ ಬಡಾವಣೆಗಳು. ಎರಡರಲ್ಲೂ ಒಂಟಿ ವೃದ್ಧರು ಬಹಳ. ಆದರೂ ಒಂದರಲ್ಲಿ ಸಾವು ಬಹಳ, ಇನ್ನೊಂದರಲ್ಲಿ ಬಹಳ ಕಡಿಮೆ. ಬದುಕುಳಿದ ಬಡಾವಣೆಯಲ್ಲಿ ಬೀದಿಗಳು ಜನರಿಂದ ತುಂಬಿದ್ದವು, ಅಂಗಡಿಗಳಿದ್ದವು, ವೃದ್ಧರು ನಿರ್ಭಯವಾಗಿ ಹೊರಬರುತ್ತಿದ್ದರು. ಯಾರಾದರೊಬ್ಬರು ಎರಡು ದಿನ ಕಾಣದಿದ್ದರೆ ನೆರೆಯವರು ಬಾಗಿಲು ತಟ್ಟುತ್ತಿದ್ದರು. ಇನ್ನೊಂದು ಬಡಾವಣೆಯಲ್ಲಿ ಖಾಲಿ ಬೀದಿಗಳು, ಮುಚ್ಚಿದ ಬಾಗಿಲುಗಳು. ಜನರು ಒಬ್ಬರನ್ನೊಬ್ಬರು ಕಾಣುವ ಜಾಗವೇ ರಕ್ಷಣೆಯೆಂಬುದು ಇದರ ಪಾಠ. ಹಳ್ಳಿಯ ಅರಳಿಕಟ್ಟೆ ಮಾಡುತ್ತಿದ್ದುದು ಇದೇ ಕೆಲಸವನ್ನು. ನೆರೆಯವನ ಹಕ್ಕಿನ ಬಗ್ಗೆ ನಾವು ಪ್ರವಚನಗಳಲ್ಲಿ ಬಹಳಷ್ಟು ಕೇಳುತ್ತೇವೆ. ಆದರೆ ನೆರೆಯವನನ್ನು ಭೇಟಿಯಾಗಲು ಒಂದು ನೆರಳಿನ ಜಾಗವೂ ಇಲ್ಲವಾದರೆ ಆ ಹಕ್ಕನ್ನು ಪಾಲಿಸುವುದು ಹೇಗೆ?

2010ರ ಭೀಕರ ಬಿಸಿಗಾಳಿಯ ನಂತರ ಅಹಮದಾಬಾದ್ ನಗರ 2013ರಲ್ಲಿ ದೇಶದ ಮೊದಲ ಬಿಸಿಗಾಳಿ ನಿರ್ವಹಣಾ ಯೋಜನೆಯನ್ನು ರೂಪಿಸಿತು. ಜನರಿಗೆ ಮುನ್ನೆಚ್ಚರಿಕೆ ನೀಡುವುದು, ಕುಡಿಯುವ ನೀರು ಒದಗಿಸುವುದು, ಸಾರ್ವಜನಿಕ ಕಟ್ಟಡಗಳನ್ನೂ ಆರಾಧನಾಲಯಗಳನ್ನೂ ತಂಪು ತಾಣಗಳನ್ನಾಗಿ ಬಳಸುವುದು ಅಲ್ಲಿನ ಕ್ರಮಗಳು. ನಮ್ಮ ಮಸೀದಿಗಳು ಇದನ್ನು ಮಾಡಲು ಯಾರ ಅಪ್ಪಣೆ ಬೇಕು? ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಝುಹರ್‌ನಿಂದ ಅಸರ್‌ವರೆಗೆ ಬಾಗಿಲಿಗೆ ಬೀಗ ಹಾಕುವ ಬದಲು ದಣಿದ ಕೂಲಿಯವನಿಗೆ, ಆತ ಯಾವ ಧರ್ಮದವನಾದರೂ ಸರಿ, ಹೊರಜಗಲಿಯಲ್ಲಿ ನೆರಳು ಮತ್ತು ನೀರು ಕೊಡಲಾರೆವೇ?

ಮಕ್ಕಳು ಮತ್ತು ಮಹಿಳೆಯರು

ಹೊರಾಂಗಣದಲ್ಲಿ, ಹಗಲಿನ ಬೆಳಕಿನಲ್ಲಿ ಸಾಕಷ್ಟು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆಯೆಂದು ನೇತ್ರ ವಿಜ್ಞಾನ ಹೇಳುತ್ತದೆ. ನಮ್ಮ ಮಕ್ಕಳು ಶಾಲೆಯಿಂದ ಮದ್ರಸಕ್ಕೆ, ಮದ್ರಸದಿಂದ ಟ್ಯೂಷನ್‌ಗೆ, ಅಲ್ಲಿಂದ ಮೊಬೈಲ್‌ಗೆ ಹೋಗುತ್ತಾರೆ. ಗಲ್ಲಿಯಲ್ಲಿ ಆಡಿದರೆ ಬೈಕುಗಳ ಭಯ. ಮೈದಾನವಿಲ್ಲದ ಹದಿಹರೆಯದ ಹುಡುಗರು ರಸ್ತೆಯ ಮೂಲೆಯಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಮಾದಕ ಪದಾರ್ಥಗಳ ಕಡೆಗೆ ಎಷ್ಟು ದೂರ ಎಂಬುದು ನೊಂದ ತಂದೆತಾಯಿಗಳಿಗೆ ತಿಳಿದಿದೆ. ಹುಡುಗರು ಕೆಟ್ಟರೆಂದು ದೂರುವ ಮೊದಲು, ಅವರ ಬೆವರು ಸುರಿಯಲು ನಾವು ಒಂದು ತುಂಡು ನೆಲವನ್ನು ಉಳಿಸಿದೆವೇ ಎಂದು ಕೇಳಿಕೊಳ್ಳೋಣ.

ಮಹಿಳೆಯರ ಪರಿಸ್ಥಿತಿ ಇನ್ನೂ ಕಠಿಣ. ಬೆಳಕು ಬಾರದ ಅಡುಗೆಮನೆ, ಒಂದರ ಮೇಲೊಂದು ಹೆರಿಗೆ, ವಿಟಮಿನ್ ಡಿ ಮತ್ತು ರಕ್ತದ ಕೊರತೆ, ಮೊಣಕಾಲು ನೋವು, ನಲವತ್ತಕ್ಕೆ ಸಕ್ಕರೆ ಕಾಯಿಲೆ. ವೈದ್ಯರು ಚೀಟಿಯ ಕೊನೆಯಲ್ಲಿ ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಬರೆಯುತ್ತಾರೆ. ಮಾತ್ರೆ ತಂದುಕೊಡುವ ಪತಿ ಆ ಕೊನೆಯ ಸಾಲನ್ನು ಓದುವುದಿಲ್ಲ. ಹೆಂಗಸರು ಉದ್ಯಾನದಲ್ಲಿ ಸುತ್ತಾಡುವುದೆಂದರೆ ಜನ ಏನೆಂದುಕೊಳ್ಳುವರೋ ಎಂಬ ಸಂಕೋಚ ನಮ್ಮ ಮನೆಗಳಲ್ಲಿದೆ. ಇದು ಧರ್ಮದ ಆಜ್ಞೆಯಲ್ಲ, ನಮ್ಮ ರೂಢಿ. ಮಸೀದಿಗೆ ಬರುತ್ತಿದ್ದ, ಮಾರುಕಟ್ಟೆಯಲ್ಲಿ ವ್ಯವಹರಿಸುತ್ತಿದ್ದ, ಗಾಯಾಳುಗಳ ಸೇವೆಗೆ ಹೋಗುತ್ತಿದ್ದ ಪ್ರವಾದಿಕಾಲದ ಮಹಿಳೆಯರ ಚರಿತ್ರೆಯನ್ನು ಓದಿದವರಿಗೆ ಇದು ತಿಳಿದಿದೆ.

ಇಲ್ಲಿ ಒಂದು ಆಡಳಿತದ ವಿಷಯವನ್ನೂ ಹೇಳಬೇಕು. ನಗರದ ಉದ್ಯಾನಗಳು ವರ್ಷಗಟ್ಟಲೆ ಬೆಳಿಗ್ಗೆ 10 ಗಂಟೆಗೆ ಮುಚ್ಚಿ ಮಧ್ಯಾಹ್ನದ ನಂತರವಷ್ಟೇ ತೆರೆಯುತ್ತಿದ್ದವು. ಮಕ್ಕಳನ್ನು ಶಾಲೆಗೆ ಕಳುಹಿಸಿ, ಮನೆಗೆಲಸ ಮುಗಿಸಿ ಗೃಹಿಣಿಗೆ ಬಿಡುವಾಗುವ ಹೊತ್ತು ಅದೇ. ಬೀದಿ ವ್ಯಾಪಾರಿಗೆ ನೆರಳು ಬೇಕಾಗುವ ಹೊತ್ತೂ ಅದೇ. 2024ರ ಜೂನ್‌ನಲ್ಲಿ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ ಪ್ರಕಟವಾಯಿತು. ನಿಮ್ಮ ಬೀದಿಯ ಉದ್ಯಾನದಲ್ಲಿ ಮಧ್ಯಾಹ್ನ ಬೀಗ ಬಿದ್ದಿದ್ದರೆ ಆ ನಿರ್ಧಾರವನ್ನು ನೆನಪಿಸಿ ಕೇಳುವ ಹಕ್ಕು ನಿಮಗಿದೆ.

ಹೋದದ್ದು ಹೇಗೆ, ಉಳಿದದ್ದು ಹೇಗೆ

ನಗರದ ಕೆರೆಗಳ ಸಂರಕ್ಷಣೆಗಾಗಿ 1985ರಲ್ಲೇ ಲಕ್ಷ್ಮಣ ರಾವ್ ಸಮಿತಿ ನೇಮಕವಾಗಿತ್ತು. ಅನಂತರವೂ ಅನೇಕ ಸಮಿತಿಗಳು ಬಂದವು. ಕೆರೆಗಳ ರಕ್ಷಣೆಗೆಂದು 2002ರಲ್ಲಿ ಸ್ಥಾಪನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರವೇ ಹೆಬ್ಬಾಳ ಮತ್ತು ನಾಗವಾರ ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ನೀಡಿತು. ಊರವರ ಕೆರೆಯ ದಡಕ್ಕೆ ಹೋಗಲು ಟಿಕೆಟು ಕೊಳ್ಳುವ ಕಾಲ ಬಂತು. ಇದನ್ನು ಪ್ರಶ್ನಿಸಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದ ಸಮಿತಿ ವರದಿ ನೀಡಿತು. 2012ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ಶಿಫಾರಸುಗಳನ್ನು ಒಪ್ಪಿ, ಕೆರೆಗಳು ಸಾರ್ವಜನಿಕರ ಸೊತ್ತೆಂಬ ತತ್ವವನ್ನು ಎತ್ತಿಹಿಡಿಯಿತು.

ಎರಡನೆಯ ಉದಾಹರಣೆ ಉಕ್ಕಿನ ಮೇಲ್ಸೇತುವೆಯದ್ದು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸೇತುವೆ ಕಟ್ಟಲು 812 ಮರಗಳನ್ನು ಕಡಿಯಬೇಕಾಗುತ್ತದೆಂಬ ಸುದ್ದಿ ಹಬ್ಬಿತು. 2016ರ ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ರಸ್ತೆಯುದ್ದಕ್ಕೂ ಮಾನವ ಸರಪಳಿ ರಚಿಸಿದರು. 2017ರ ಮಾರ್ಚ್‌ನಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು. ಬಳ್ಳಾರಿ ರಸ್ತೆಯ ಆ ಮರಗಳ ಗಾಳಿಯನ್ನು ಇಂದು ನಾವೂ ಉಸಿರಾಡುತ್ತಿದ್ದೇವೆ. ಆದರೆ ಆ ಸರಪಳಿಯಲ್ಲಿ ನಮ್ಮ ಮೊಹಲ್ಲಾಗಳ ಕೈಗಳು ಎಷ್ಟಿದ್ದವು? ನಮ್ಮ ವೈಯಕ್ತಿಕ ಕಾನೂನು, ನಮ್ಮ ಉಡುಪು, ನಮ್ಮ ಆಹಾರದ ಮೇಲೆ ಆಕ್ರಮಣವಾದಾಗ ನಾವು ಬೀದಿಗೆ ಬರುತ್ತೇವೆ. ಬರಬೇಕಾದುದೇ. ಎಲ್ಲರಿಗೂ ಸೇರಿದ ಕೆರೆಗಾಗಿ, ಎಲ್ಲರೂ ಉಸಿರಾಡುವ ಗಾಳಿಗಾಗಿ ನಾವು ಮುಂದಿನ ಸಾಲಿನಲ್ಲಿ ಕಾಣಿಸಿಕೊಂಡರೆ ಈ ನಾಡಿನ ಉಳಿದ ಜನರೊಂದಿಗಿನ ನಮ್ಮ ಸಂಬಂಧವೂ ಬೇರೆಯೇ ಆಗುತ್ತದೆ.

ಕೆರೆಯನ್ನು ಕಡೆಗಣಿಸಿದರೆ ಅದು ಮನೆಗೆ ಬರುತ್ತದೆ. 2021ರ ನವೆಂಬರ್‌ನಲ್ಲಿ ಮತ್ತು 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಕಾಲುವೆಗಳು ಕಿರಿದಾದುದರ ಫಲವಿದು. ರಾಜಕಾಲುವೆಗಳ ಒತ್ತುವರಿಯ ಮಾತು ಬಂದಾಗ ಬುಲ್ಡೋಜರ್ ಮೊದಲು ಬಡವರ ತಗಡಿನ ಮನೆಯ ಮುಂದೆ ನಿಲ್ಲುವುದನ್ನು ನಾವು ಕಂಡಿದ್ದೇವೆ. ಆದರೆ ಕೋಳಿವಾಡ ಸಮಿತಿಯ 2017ರ ವರದಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ ಒತ್ತುವರಿಯಾದ ಕೆರೆ ಭೂಮಿ ಹತ್ತು ಸಾವಿರ ಎಕರೆಗೂ ಹೆಚ್ಚೆಂದು ಹೇಳಿದೆ. ಹತ್ತು ಸಾವಿರ ಎಕರೆಯನ್ನು ಗುಡಿಸಲುಗಳು ನುಂಗಲಾರವು. ನ್ಯಾಯ ಮೇಲಿನಿಂದ ಆರಂಭವಾಗಲಿ ಎಂದು ಕೇಳುವುದು ನಮ್ಮ ಹಕ್ಕು. ಅದೇ ವೇಳೆ ಮದುವೆ ಮಂಟಪದ ಎಂಜಲೆಲೆಗಳನ್ನು, ಕೋಳಿ ಅಂಗಡಿಯ ತ್ಯಾಜ್ಯವನ್ನು, ಕುರ್ಬಾನಿಯ ಅವಶೇಷಗಳನ್ನು ಅದೇ ಕಾಲುವೆಗೆ ಎಸೆಯುವವರನ್ನು ತಡೆಯುವುದು ನಮ್ಮ ಕರ್ತವ್ಯ. ಸೊಳ್ಳೆ ಹುಟ್ಟುವುದೂ, ಡೆಂಗಿ ಜ್ವರ ಹರಡುವುದೂ ನಿಂತ ನೀರಿನಿಂದ.

ಹದಗೆಟ್ಟದ್ದನ್ನು ಸರಿಪಡಿಸಲು ಸಾಧ್ಯವೆಂಬುದಕ್ಕೆ ಜಕ್ಕೂರು ಕೆರೆ ಸಾಕ್ಷಿ. ಅಲ್ಲಿ ಒಳಚರಂಡಿಯ ನೀರನ್ನು ಘಟಕದಲ್ಲಿ ಶುದ್ಧೀಕರಿಸಿ, ಜೊಂಡು ಬೆಳೆದ ಜೌಗು ಪ್ರದೇಶದ ಮೂಲಕ ಹರಿಸಿ ಕೆರೆಗೆ ಬಿಡಲಾಗುತ್ತದೆ. ಕೊಳಕು ನೀರೇ ಕೆರೆಯನ್ನು ತುಂಬಿಸುತ್ತದೆ. ಸರಕಾರದ ಹಣ ಮತ್ತು ಸುತ್ತಲಿನ ನಾಗರಿಕರ ಕಾವಲು ಎರಡೂ ಸೇರಿದ್ದರಿಂದ ಇದು ಸಾಧ್ಯವಾಯಿತು.

ನಮ್ಮ ಕೈಯಲ್ಲಿರುವ ನೆಲ

ಸರಕಾರ ಏನು ಮಾಡಬೇಕೆಂಬುದನ್ನು ಹೇಳುವಾಗ, ನಮ್ಮ ಸ್ವಾಧೀನದಲ್ಲೇ ಇರುವ ನೆಲವನ್ನು ಮರೆಯುವಂತಿಲ್ಲ. ದಟ್ಟವಾದ ಮೊಹಲ್ಲಾಗಳಲ್ಲಿ ಇಂದಿಗೂ ಕಟ್ಟಡವಿಲ್ಲದ ದೊಡ್ಡ ಜಾಗ ಯಾವುದು? ಖಬರಸ್ತಾನ್ ಮತ್ತು ಈದ್ಗಾಹ್. ಹಿರಿಯರು ವಕ್ಫ್ ಮಾಡಿದ ಈ ಜಾಗಗಳಲ್ಲಿ ಅನೇಕವು ಮುಳ್ಳುಗಿಡ, ಕಸ ಮತ್ತು ಮುರಿದ ಗೋಡೆಯ ನಡುವೆ ಬಿದ್ದಿವೆ. ಗೋರಿಗಳ ಗೌರವಕ್ಕೆ ಧಕ್ಕೆಯಾಗದಂತೆ ಗೋಡೆಯ ಒಳಬದಿಯಲ್ಲಿ ಹೊಂಗೆ, ಬೇವು, ನೇರಳೆಯ ಸಾಲು ಬೆಳೆಸಿದರೆ ಸುತ್ತಲಿನ ಹತ್ತು ಬೀದಿಗಳಿಗೆ ತಂಪು. ವಕ್ಫ್ ಕಾಯ್ದೆಗೆ 2025ರಲ್ಲಿ ತಿದ್ದುಪಡಿಯಾದ ಮೇಲೆ ಆಸ್ತಿಗಳ ದಾಖಲೆಯ ಬಗ್ಗೆ ಎಲ್ಲೆಡೆ ಚರ್ಚೆ ನಡೆಯುತ್ತಿದೆ. ಕಾಗದಪತ್ರಗಳನ್ನು ಸರಿಯಾಗಿಟ್ಟುಕೊಳ್ಳುವುದರ ಜೊತೆಗೆ ಆ ನೆಲವನ್ನು ಕಣ್ಣಿಗೆ ಕಾಣುವಂತೆ ಕಾಪಾಡುವುದೂ ಅದರ ರಕ್ಷಣೆಯೇ. ಮುತವಲ್ಲಿಗಳು ಇದನ್ನು ಗಮನಿಸಲಿ.

ಹೊಸ ಮಸೀದಿ ಕಟ್ಟುವಾಗ ಅಂಗಳದ ಕೊನೆಯ ಇಂಚಿಗೂ ಗ್ರಾನೈಟ್ ಹಾಸುವ ಪೈಪೋಟಿ ಕಾಣುತ್ತಿದೆ. ಎರಡು ಮರಗಳಿಗೆ ಜಾಗ ಬಿಟ್ಟರೆ ಮಸೀದಿಯ ಶೋಭೆ ಕಡಿಮೆಯಾಗದು. ಬುಡಕ್ಕೆ ಸಿಮೆಂಟು ಬಿಗಿಯದಿರಿ, ಬೇರಿಗೂ ಉಸಿರು ಬೇಕು. ನೀರಿನ ಚಿಂತೆಯೇ? ದಿನದ ಐದು ಹೊತ್ತಿನಲ್ಲಿ ಒಟ್ಟು 300 ಮಂದಿ ವುಝೂ ಮಾಡುತ್ತಾರೆಂದೂ, ಒಬ್ಬರು ಮೂರು ಲೀಟರ್ ಬಳಸುತ್ತಾರೆಂದೂ ಇಟ್ಟುಕೊಳ್ಳಿ. 900 ಲೀಟರ್ ಸಾಬೂನಿಲ್ಲದ ನೀರು ಪ್ರತಿದಿನ ಚರಂಡಿಗೆ ಹೋಗುತ್ತಿದೆ. ಒಂದು ಪೈಪಿನ ಖರ್ಚಿನಲ್ಲಿ ಅದನ್ನು ಗಿಡಗಳಿಗೆ ತಿರುಗಿಸಬಹುದು. ಪ್ರವಾದಿ ಮುಹಮ್ಮದ್(ಸ)ರು ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂಬುದನ್ನೂ ನೆನಪಿಟ್ಟುಕೊಳ್ಳೋಣ.

ಝಕಾತ್‌ಗೆ ಅದರದೇ ಆದ ಹಕ್ಕುದಾರರಿದ್ದಾರೆ. ಆ ಹಣವನ್ನು ಇದಕ್ಕೆ ತಿರುಗಿಸಲು ನಾನು ಹೇಳುತ್ತಿಲ್ಲ. ಆದರೆ ಗಿಡ ನೆಟ್ಟವನಿಗೆ, ಅದರ ಫಲವನ್ನು ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದಷ್ಟು ಕಾಲವೂ ಸದಕಾದ ಪುಣ್ಯವಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮೃತರ ಹೆಸರಿನಲ್ಲಿ ಫ್ಯಾನು, ಗಡಿಯಾರ, ಜಮಖಾನ ಕೊಡುವವರು ಒಂದು ಮರವನ್ನೂ ಕೊಡಲಿ. ಲಾಲ್‌ಬಾಗ್‌ಗೆ 1760ರಲ್ಲಿ ಅಡಿಪಾಯ ಹಾಕಿದವರು ಹೈದರ್ ಅಲಿ. ಅದನ್ನು ಬೆಳೆಸಿದವರು ಟಿಪ್ಪು ಸುಲ್ತಾನ್. ಎರಡೂವರೆ ಶತಮಾನ ದಾಟಿದರೂ ಎಲ್ಲ ಧರ್ಮಗಳ ಜನ ಅಲ್ಲಿ ನಡೆದಾಡುತ್ತಿದ್ದಾರೆ. ಆ ಹೆಸರುಗಳನ್ನು ಭಾಷಣಗಳಲ್ಲಿ ಹೇಳುವುದಕ್ಕಿಂತ ಅವರ ಆ ಕೆಲಸವನ್ನು ಮುಂದುವರಿಸುವುದು ಹೆಚ್ಚು ಸಾರ್ಥಕ.

ಮಾಡಬೇಕಾದ ಕೆಲಸ

ಕೊನೆಯದಾಗಿ ಕೆಲವು ಸಲಹೆಗಳು. ಪ್ರತಿ ಮಸೀದಿ ಸಮಿತಿಯೂ ತನ್ನ ಮೊಹಲ್ಲಾದ ಒಂದು ಪಟ್ಟಿ ತಯಾರಿಸಲಿ. ಎಷ್ಟು ಮರಗಳಿವೆ, ಯಾವ ಸರಕಾರಿ ಜಾಗ ಖಾಲಿಯಿದೆ, ಉದ್ಯಾನಕ್ಕೆಂದು ಗುರುತಿಸಿದ ಯಾವ ಜಾಗ ಇನ್ನೊಬ್ಬರ ಪಾಲಾಗಿದೆ, ಮಧ್ಯಾಹ್ನ ಒಂಟಿಯಾಗಿರುವ ವೃದ್ಧರು ಯಾರು ಎಂಬುದೆಲ್ಲ ಅದರಲ್ಲಿರಲಿ. ಮರ ಕಡಿಯುವವರು ಕಂಡರೆ ವೃಕ್ಷಾಧಿಕಾರಿಯ ಅನುಮತಿ ಪತ್ರ ತೋರಿಸಲು ಕೇಳಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಐವತ್ತಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಲೇಬೇಕು. ಉದ್ಯಾನ ಮತ್ತು ಆಟದ ಮೈದಾನಗಳ ರಕ್ಷಣೆಗೆ 1985ರ ಕಾಯ್ದೆಯಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಬಂದಿವೆ. ಬೆಂಗಳೂರು ಉತ್ತರ ಅವುಗಳಲ್ಲೊಂದು. ಮತ ಕೇಳಲು ಬರುವ ಅಭ್ಯರ್ಥಿಗಳ ಮುಂದೆ ಶಾದಿ ಮಹಲ್‌ನ ಬೇಡಿಕೆಯ ಜೊತೆಗೆ ಮೈದಾನದ ಬೇಡಿಕೆಯನ್ನೂ ಇಡೋಣ. ಶಾದಿ ಮಹಲ್ ವರ್ಷಕ್ಕೆ ಕೆಲವು ದಿನ ಉಪಯೋಗಕ್ಕೆ ಬರುತ್ತದೆ, ಮೈದಾನ ಪ್ರತಿದಿನ ಬೇಕು.

ಸಹೋದರಿಯರೇ, ನಾಲ್ಕೈದು ಮನೆಯವರು ಜೊತೆಗೂಡಿ ನಡೆಯಲು ಆರಂಭಿಸಿರಿ. ಒಬ್ಬರಾದರೆ ಸಂಕೋಚ, ಐವರಾದರೆ ಧೈರ್ಯ. ಸಹೋದರರೇ, ಆ ಅರ್ಧ ಗಂಟೆ ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ನೀವು ವಹಿಸಿರಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ. ಮರ ವೈದ್ಯನ ಬದಲಿಯಲ್ಲ. ಇಂದು ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ಬಿಡಬಾರದು. ಆದರೆ ನಮ್ಮ ಮಕ್ಕಳು ಅದೇ ಮಾತ್ರೆಯ ಸಾಲಿನಲ್ಲಿ ನಿಲ್ಲದಿರಬೇಕಾದರೆ ಈ ಕೆಲಸ ಆಗಲೇಬೇಕು.

ಅಂತ್ಯದಿನ ಬಂದೇಬಿಟ್ಟಿತೆಂದು ಕಂಡರೂ ಕೈಯಲ್ಲಿರುವ ಸಸಿಯನ್ನು ನೆಟ್ಟುಬಿಡಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ನಮ್ಮ ಮುಂದೆ ಅಂತ್ಯದಿನ ನಿಂತಿಲ್ಲ, ಮುಂಗಾರು ಮಾತ್ರ ಬರಲಿದೆ. ಅದಕ್ಕೆ ಮೊದಲು ಗುಂಡಿ ತೋಡಿ ಗೊಬ್ಬರ ಹಾಕಿಡೋಣ. ನೆಟ್ಟ ಗಿಡಕ್ಕೆ ಮೊದಲ ಎರಡು ಬೇಸಿಗೆ ನೀರುಣಿಸುವವರ ಹೆಸರನ್ನು ನೆಡುವ ದಿನವೇ ಬರೆದುಕೊಳ್ಳೋಣ. ಫೋಟೋ ತೆಗೆದು ಮರೆತ ಗಿಡಗಳು ಈ ಊರಿನಲ್ಲಿ ಈಗಾಗಲೇ ಬೇಕಾದಷ್ಟಿವೆ.

ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯವನ್ನೂ, ಅದನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಅನುಗ್ರಹಿಸಲಿ. ಆಮೀನ್.